ಕೋರ್ಸ್ ಪಾಲಿಸಿ ಎಂಬ ಎರಡು ಪುಟ

(ಸಾಂತಾಕ್ರೂಜ್‌ನಲ್ಲಿ ನಡೆದ ಮಹಿಳಾ ವಿಭಾಗದ ವಾರ್ಷಿಕ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾರ್ಯಾಧ್ಯಕ್ಷೆಯವರು ಫೋನ್ ಮಾಡಿ, "ನೀನು ಕಂಪ್ಯೂಟರ್ ಕಲಿಸ್ತೀಯಂತೆ, ಅದರ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡು" ಅಂದಾಗ ನಾನು ಎರಡು ದಿನ ಯೋಚಿಸಿದೆ. ಕೃತಕ ಬುದ್ಧಿಮತ್ತೆ, ಸೈಬರ್ ಸುರಕ್ಷತೆ ಎಂದೆಲ್ಲ ವಿಷಯಗಳಿವೆ. ಅವುಗಳ ಬಗ್ಗೆ ನಿಮಗೆ ವಾಟ್ಸ್ಯಾಪ್‌ನಲ್ಲಿ ದಿನಾ ಉಪನ್ಯಾಸ ಬರುತ್ತಲೇ ಇರುತ್ತದೆ. ಹಾಗಾಗಿ ನಾನು ಇವತ್ತು ಎರಡೇ ಎರಡು ಪುಟದ ಒಂದು ಕಾಗದದ ಬಗ್ಗೆ ಮಾತಾಡುತ್ತೇನೆ. ಕಾಲೇಜಿನಲ್ಲಿ ತರಗತಿಯ ಮೊದಲನೇ ದಿನ ಅಧ್ಯಾಪಕರು ಹಂಚುವ ಕಾಗದ. ಹಾಜರಿ ಎಷ್ಟು ಬೇಕು, ಅಸೈನ್‌ಮೆಂಟ್ ತಡವಾದರೆ ಏನು, ನಕಲು ಮಾಡಿದರೆ ಏನು, ವಾರಕ್ಕೆ ಎಷ್ಟು ಗಂಟೆ ಓದಬೇಕು ಎಂದು ಬರೆದಿರುತ್ತದಲ್ಲ, ಅದು. ಅದಕ್ಕೆ ಈಗ 'ಕೋರ್ಸ್ ಪಾಲಿಸಿ' ಎನ್ನುತ್ತಾರೆ. ಇಲ್ಲಿ ಕುಳಿತಿರುವ ಅನೇಕರ ಮಕ್ಕಳು ಇಂಜಿನಿಯರಿಂಗ್ ಓದುತ್ತಿದ್ದಾರೆ. ಆ ಕಾಗದ ನಿಮ್ಮ ಮನೆಯಲ್ಲೂ ಎಲ್ಲೋ ಬ್ಯಾಗಿನ ತಳದಲ್ಲಿ ಮಡಚಿಕೊಂಡು ಬಿದ್ದಿರಬಹುದು.

ನನ್ನ ಹಗಲಿನ ಕೆಲಸ ಒಂದು ಐ.ಟಿ. ಕಂಪನಿಯಲ್ಲಿ. ಉಡುಪಿ ಕಡೆಯವಳು. ವಿ.ಟಿ.ಯು.ನಲ್ಲಿ ಬಿ.ಇ., ಆಮೇಲೆ ಎಂ.ಟೆಕ್., ಮದುವೆಯಾಗಿ ವಾಕೋಲಕ್ಕೆ ಬಂದೆ. ಎರಡು ವರ್ಷದ ಹಿಂದೆ ಉಪನಗರದ ಒಂದು ಇಂಜಿನಿಯರಿಂಗ್ ಕಾಲೇಜಿನವರು, ಒಬ್ಬ ಅಧ್ಯಾಪಕರು ಬಿಟ್ಟುಹೋಗಿದ್ದಾರೆ, ಶನಿವಾರ ಶನಿವಾರ ಬಂದು ಕಂಪ್ಯೂಟರ್ ಆರ್ಕಿಟೆಕ್ಚರ್ ಕಲಿಸುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ.

ಆರ್ಕಿಟೆಕ್ಚರ್ ಎಂದ ಕೂಡಲೇ ನಮ್ಮ ಅತ್ತೆ, "ಕಟ್ಟಡ ಕಟ್ಟುವುದನ್ನು ಯಾವಾಗ ಕಲಿತೆ?" ಎಂದು ಕೇಳಿದರು. ಹಾಗಾಗಿ ಅದೇನು ಎಂದು ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರಿನ ಒಳಗೆ ಲೆಕ್ಕ ಮಾಡುವ ಭಾಗ ಒಂದು ಕಡೆ, ನೆನಪಿಟ್ಟುಕೊಳ್ಳುವ ಭಾಗ ಇನ್ನೊಂದು ಕಡೆ. ಲೆಕ್ಕ ಮಾಡುವವನು ಬಹಳ ಚುರುಕು. ನೆನಪಿನ ಉಗ್ರಾಣ ಬಹಳ ನಿಧಾನ. ನಾವು ಒಗ್ಗರಣೆ ಹಾಕುವಾಗ ಸಾಸಿವೆಗೆ ಅಟ್ಟ ಹತ್ತುವುದಿಲ್ಲ. ಒಲೆಯ ಪಕ್ಕ ಮಸಾಲೆ ಡಬ್ಬಿ ಇಟ್ಟುಕೊಳ್ಳುತ್ತೇವೆ. ಆ ಡಬ್ಬಿಗೆ ಕಂಪ್ಯೂಟರಿನಲ್ಲಿ 'ಕ್ಯಾಶ್' ಎನ್ನುತ್ತಾರೆ, ದುಡ್ಡಿನ ಕ್ಯಾಶ್ ಅಲ್ಲ. ಬೇಕಾದದ್ದು ಡಬ್ಬಿಯಲ್ಲೇ ಸಿಕ್ಕಿದರೆ 'ಹಿಟ್', ಸಿಗದೆ ಅಟ್ಟ ಹತ್ತಬೇಕಾಗಿ ಬಂದರೆ 'ಮಿಸ್'. ನೂರು ಸಲ ಹುಡುಕಿದಾಗ ಎಷ್ಟು ಸಲ ಮಿಸ್ ಆಯಿತು ಎಂಬುದೇ ಮಿಸ್ ರೇಟ್. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಪಾಠ ಇಡ್ಲಿಯದು. ನಾಲ್ಕು ಗಂಟೆ ನೆನೆಯಬೇಕು, 40 ನಿಮಿಷ ರುಬ್ಬಬೇಕು, ಎಂಟು ಗಂಟೆ ಹುದುಗಬೇಕು, 20 ನಿಮಿಷ ಬೇಯಬೇಕು. ಒಟ್ಟು 13 ಗಂಟೆ. ಈಗ ಯಜಮಾನರು ಎರಡು ಪಟ್ಟು ವೇಗದ ಗ್ರೈಂಡರ್ ತಂದುಕೊಟ್ಟರು ಎನ್ನಿ. ಎಷ್ಟು ಉಳಿಯಿತು? 20 ನಿಮಿಷ. ಕಣ್ಣು ಮಿಟುಕಿಸುವಷ್ಟರಲ್ಲಿ ರುಬ್ಬುವ ಗ್ರೈಂಡರ್ ತಂದರೂ 40 ನಿಮಿಷಕ್ಕಿಂತ ಒಂದು ನಿಮಿಷ ಹೆಚ್ಚು ಉಳಿಯುವುದಿಲ್ಲ. ಜೀನ್ ಆಮ್ಡಾಲ್ ಎಂಬವರು 1967ರಲ್ಲಿ ಕಂಪ್ಯೂಟರಿನ ಬಗ್ಗೆ ಇದನ್ನೇ ಹೇಳಿದರು, ಅದಕ್ಕೆ ಆಮ್ಡಾಲ್ ನಿಯಮ ಎಂದೇ ಹೆಸರು. ನಮ್ಮ ಅಜ್ಜಿಗೆ ಯಾರೂ ಹೆಸರು ಕೊಡಲಿಲ್ಲ.

ಈ ಊರಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಕೊಲಾಬಾದ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಆರ್. ನರಸಿಂಹನ್ ಅವರ ಮುಂದಾಳತ್ವದಲ್ಲಿ ನಮ್ಮ ದೇಶದ್ದೇ ಆದ ಒಂದು ಕಂಪ್ಯೂಟರ್ ಕಟ್ಟಿದರು, 1960ರಲ್ಲಿ ಅದು ಪೂರ್ತಿಯಾಗಿ ಕೆಲಸ ಶುರುಮಾಡಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಅದರ ನೆನಪು 2048 ಪದಗಳು, ಒಂದೊಂದು ಪದಕ್ಕೆ 40 ಬಿಟ್. ಗುಣಿಸಿದರೆ ಬರೋಬ್ಬರಿ ಹತ್ತು ಕಿಲೋಬೈಟ್. ಬೆಳಿಗ್ಗೆ ನಮ್ಮ ಗ್ರೂಪಿನಲ್ಲಿ ಬರುವ ಒಂದು 'ಶುಭೋದಯ' ಚಿತ್ರ ಅದರೊಳಗೆ ಹಿಡಿಸುವುದಿಲ್ಲ. ಅಷ್ಟರಲ್ಲೇ ಅವರು ವಿಜ್ಞಾನದ ಲೆಕ್ಕ ಮಾಡಿದರು. ಅವರ ಗುಂಪಿನಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಕಂಪ್ಯೂಟರ್ ಕಟ್ಟಿದವರೇ ಅಲ್ಲ, ಕಟ್ಟುತ್ತಲೇ ಕಲಿತರು.

ಹೆಣ್ಣುಮಕ್ಕಳ ಕಥೆಯೂ ಅಷ್ಟೇ. ಅಮೆರಿಕದಲ್ಲಿ ಎನಿಯಾಕ್ ಎಂಬ ಯಂತ್ರಕ್ಕೆ ಮೊದಲು ಪ್ರೋಗ್ರಾಂ ಮಾಡಿದವರು ಆರು ಜನ ಹೆಂಗಸರು. ಅವರಿಗೆ ಪಠ್ಯಪುಸ್ತಕವಿಲ್ಲ, ತರಗತಿಯಿಲ್ಲ. ಮೊದಮೊದಲು ಯಂತ್ರ ಇಟ್ಟ ಕೋಣೆಗೆ ಪ್ರವೇಶವೂ ಇರಲಿಲ್ಲ. ಸರ್ಕ್ಯೂಟಿನ ನಕ್ಷೆ ಕೊಟ್ಟು, ಇದನ್ನು ನೋಡಿ ತಿಳಿದುಕೊಳ್ಳಿ ಎಂದರು. ತಿಳಿದುಕೊಂಡರು. 1946ರ ಫೆಬ್ರವರಿಯಲ್ಲಿ ಯಂತ್ರದ ಸಾರ್ವಜನಿಕ ಪ್ರದರ್ಶನ ಅವರ ಪ್ರೋಗ್ರಾಂನಿಂದಲೇ ನಡೆಯಿತು. ಆ ರಾತ್ರಿಯ ಔತಣಕೂಟಕ್ಕೆ ಮಾತ್ರ ಅವರನ್ನು ಕರೆಯಲಿಲ್ಲ. ಇನ್ನು ನಿಮ್ಮ ಪರ್ಸಿನೊಳಗಿನ ಮೊಬೈಲಿನ ಪ್ರೊಸೆಸರ್ ಬಹುಮಟ್ಟಿಗೆ ಆರ್ಮ್ ಜಾತಿಯದು. 1985ರಲ್ಲಿ ಬಂದ ಅದರ ಮೊದಲ ಚಿಪ್‌ನ ಆದೇಶಗಳನ್ನು ರೂಪಿಸಿದವರು ಸೋಫಿ ವಿಲ್ಸನ್.

ಸರಿ, ಈಗ ನನ್ನ ಎರಡು ಪುಟಕ್ಕೆ ಬರುತ್ತೇನೆ.

ಕಾಲೇಜಿನವರು, ಮೇಡಂ, ಮೊದಲ ಶನಿವಾರಕ್ಕೆ ಕೋರ್ಸ್ ಪಾಲಿಸಿ ತಂದುಬಿಡಿ ಎಂದರು. ನಾವು ಓದುವಾಗ ಅಂಥದ್ದೊಂದು ಕಾಗದವೇ ಇರಲಿಲ್ಲ. 2006ರಲ್ಲಿ ನಾನು ಬಿ.ಇ. ಸೇರಿದಾಗ ನಿಯಮ ಎಂದರೆ ಇಷ್ಟೇ: ಇಂಟರ್ನಲ್ 25, ಪರೀಕ್ಷೆ 100, ಹಾಜರಿ 85 ಶೇಕಡಾ. ನಾಲ್ಕನೇ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಆರ್ಗನೈಸೇಷನ್, ಹಮಾಕರ್ ಅವರ ದಪ್ಪ ಪುಸ್ತಕ. ಲ್ಯಾಬ್ ರೆಕಾರ್ಡನ್ನು ಹಿಂದಿನ ವರ್ಷದ ಅಕ್ಕಂದಿರ ರೆಕಾರ್ಡ್ ನೋಡಿ ಹಾಸ್ಟೆಲಿನಲ್ಲಿ ರಾತ್ರಿಯಿಡೀ ಬರೆದವಳು ನಾನು. ಮುಂಬಯಿಯಲ್ಲಿ ಇದಕ್ಕೆ ಜರ್ನಲ್ ಎನ್ನುತ್ತಾರೆ, ಸಬ್‌ಮಿಷನ್ ಎನ್ನುತ್ತಾರೆ. ಹೆಸರು ಬೇರೆ, ರಾತ್ರಿ ಒಂದೇ.

ಗೊತ್ತಿಲ್ಲದ ಕೆಲಸವನ್ನು ನಾವು ಐ.ಟಿ.ಯವರು ಹೇಗೆ ಮಾಡುತ್ತೇವೆ? ಗೂಗಲ್ ಮಾಡುತ್ತೇವೆ. ಅಮೆರಿಕದ ನಾಲ್ಕೈದು ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಆರ್ಕಿಟೆಕ್ಚರ್ ಕೋರ್ಸಿನ ನಿಯಮಗಳನ್ನು ತೆಗೆದೆ. ಒಳ್ಳೆ ಖಡಕ್ಕಾಗಿದ್ದವು. ರಾತ್ರಿ 11 ಗಂಟೆ 59 ನಿಮಿಷಕ್ಕೆ ಗಡುವು. ಒಂದು ನಿಮಿಷ ತಡವಾದರೂ ಸೊನ್ನೆ. ಯಾವ ವಿನಾಯಿತಿಯೂ ಇಲ್ಲ. ಇನ್ನೊಬ್ಬರ ಕೆಲಸ ನಕಲು ಮಾಡಿದರೆ ಸೊನ್ನೆ. ಓದಿ ನನಗೆ ಖುಷಿಯಾಯಿತು. ಇಲ್ಲಿಂದ ಒಂದು ಪ್ಯಾರಾ, ಅಲ್ಲಿಂದ ಒಂದು ಪ್ಯಾರಾ ಅಂಟಿಸಿ, ಮೇಲೆ ನನ್ನ ಹೆಸರು ಹಾಕಿ, 60 ಪ್ರತಿ ತೆಗೆಸಿದೆ.

ಮೊದಲ ತರಗತಿಯಲ್ಲಿ ಹಂಚಿದೆ. ಮುಂದಿನ ಬೆಂಚಿನ ಒಬ್ಬ ಹುಡುಗ ಕೈಯೆತ್ತಿ, "ಮೇಡಂ, ಎರಡನೇ ಪುಟದಲ್ಲಿ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಕ್ಲಾಸಿಲ್ಲ ಅಂತಿದೆ. ಅದು ಗಣಪತಿಯ ಮೊದಲೋ, ನಂತರವೋ?" ಎಂದು ಕೇಳಿದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ನಕಲು ಮಾಡಬಾರದು ಎಂದು ಹೇಳುವ ಕಾಗದವೇ ನಕಲು ಎಂಬುದು ಅಂದು ಅವರಿಗೆಲ್ಲ ಗೊತ್ತಾಯಿತು. ಆದರೂ ಪುಣ್ಯಕ್ಕೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಎರಡನೇ ಅಸೈನ್‌ಮೆಂಟ್ ಆ ಮಸಾಲೆ ಡಬ್ಬಿಯದೇ. ಕ್ಯಾಶ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದು, ಮಿಸ್ ರೇಟ್ ಎಷ್ಟು ಎಂದು ಹೇಳಬೇಕು. ಗಡುವು ಭಾನುವಾರ ರಾತ್ರಿ 11.59. ಒಬ್ಬ ಹುಡುಗಿ, ಹಿಂದಿನಿಂದ ಮೂರನೇ ಬೆಂಚು, ಹೆಚ್ಚು ಮಾತಾಡದವಳು, ಅವಳದ್ದು ಬಂದದ್ದು ಬೆಳಗಿನ ಜಾವ 2 ಗಂಟೆ 38 ನಿಮಿಷಕ್ಕೆ. ಕೆಳಗೆ ಒಂದು ಸಾಲು: "ಮೇಡಂ, ದಯವಿಟ್ಟು ಸ್ವೀಕರಿಸಿ." ನಾನು ಆಫೀಸಿನ ಮೀಟಿಂಗ್ ನಡುವೆ ಮೊಬೈಲಿನಲ್ಲೇ ಉತ್ತರ ಹೊಡೆದೆ: ಪಾಲಿಸಿ ಓದಿ. ಎರಡೇ ಪದ. ಅವಳ ಫೈಲನ್ನು ತೆರೆಯಲೂ ಇಲ್ಲ. ಸೊನ್ನೆ ಹಾಕಿದೆ.

ಅದೇ ವಾರ ನಾಲ್ಕು ಹುಡುಗರು ಸರಿಯಾದ ಸಮಯಕ್ಕೆ, ಎಂಟು ಗಂಟೆಗೇ, ಕಳಿಸಿದ್ದರು. ಅವಸರದಲ್ಲಿ ಪ್ರೋಗ್ರಾಂ ಓಡುತ್ತದೆಯೇ ಎಂದು ಮಾತ್ರ ನೋಡಿ ಪೂರ್ತಿ ಅಂಕ ಕೊಟ್ಟೆ. ಸೆಮಿಸ್ಟರ್ ಕೊನೆಯಲ್ಲಿ ಅಂಕಪಟ್ಟಿ ತಯಾರಿಸುವಾಗ ಮತ್ತೊಮ್ಮೆ ನೋಡುತ್ತೇನೆ, ನಾಲ್ವರದೂ ಮಿಸ್ ರೇಟ್ 103 ಶೇಕಡಾ! ನೂರು ಸಲ ಡಬ್ಬಿ ತೆರೆದರೆ 103 ಸಲ ಸಾಸಿವೆ ಇಲ್ಲವಂತೆ. ತಪ್ಪು ಮಾಡಿದವನು ಒಬ್ಬ, ಉಳಿದ ಮೂವರು ಆ ತಪ್ಪನ್ನೂ ಬಿಡದೆ ಇಳಿಸಿಕೊಂಡಿದ್ದರು. ಬೇಗ ಕಳಿಸಿದ್ದಕ್ಕೆ ಅವರಿಗೆ ಹತ್ತಕ್ಕೆ ಹತ್ತು, ತಾನೇ ಬರೆದವಳಿಗೆ ಸೊನ್ನೆ. ಕೊಟ್ಟವಳು ನಾನೇ.

ಅಷ್ಟರಲ್ಲಿ ಆ ಹುಡುಗಿ ಶನಿವಾರ ಬರುವುದನ್ನು ನಿಲ್ಲಿಸಿದ್ದಳು. ಎರಡು ಶನಿವಾರ ನಾನು ಗಮನಿಸಲೇ ಇಲ್ಲ. ಅಲ್ಲಿಯ ಹಾಜರಿ ನಿಯಮ 75 ಶೇಕಡಾ, ಹದಿನೈದು ಶನಿವಾರದಲ್ಲಿ ಮೂರು ತಪ್ಪಿಸಬಹುದು. ನಾಲ್ಕನೆಯದಕ್ಕೆ ಬಂದಳು, ಹಿಂದೆ ಕುಳಿತಳು, ಹೋದಳು. ಕೊನೆಗೆ ಪಾಸಾದಳು, ಅಂಚಿನಲ್ಲಿ.

ವಿಷಯ ಗೊತ್ತಾದದ್ದು ಅವಳಿಂದಲ್ಲ. ಪರೀಕ್ಷೆ ಮುಗಿದ ಮೇಲೆ ಅವಳ ಗೆಳತಿಯೊಬ್ಬಳು ಬಸ್ ಸ್ಟಾಪಿನಲ್ಲಿ ಸಿಕ್ಕಿ ಹೇಳಿದಳು. ಅವರದು ಒಂದು ಕೋಣೆ, ಒಂದು ಅಡಿಗೆ ಮನೆ. ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್. ಅಣ್ಣನಿಗೆ ಕಾಲ್ ಸೆಂಟರ್ ಕೆಲಸ, ಮನೆಯಿಂದಲೇ, ರಾತ್ರಿ ಎರಡರವರೆಗೆ. ಅವನು ಲಾಗ್ ಔಟ್ ಆದ ಮೇಲೆ ಇವಳ ಸರದಿ. ಬೆಳಿಗ್ಗೆ ಐದೂವರೆಗೆ ನೀರು ಬರುತ್ತದೆ, ಅದನ್ನು ಹಿಡಿಯುವವಳೂ ಇವಳೇ.

ನಾನು ಪಾಠ ಮಾಡುವಾಗ 'ಸ್ಟ್ರಕ್ಚರಲ್ ಹಜಾರ್ಡ್' ಎಂದು ಒಂದು ಅಧ್ಯಾಯ ಬರುತ್ತದೆ. ಪ್ರೊಸೆಸರಿನಲ್ಲಿ ಎರಡು ಆದೇಶಗಳಿಗೆ ಒಂದೇ ಯಂತ್ರಭಾಗ ಒಂದೇ ಹೊತ್ತಿಗೆ ಬೇಕಾದರೆ ಏನು ಮಾಡಬೇಕು ಎಂಬುದು. ಒಂದೋ ಎರಡನೆಯದನ್ನು ಸ್ವಲ್ಪ ಕಾಯಿಸಬೇಕು, ಇಲ್ಲವೇ ಆ ಭಾಗವನ್ನು ಇನ್ನೊಂದು ಹಾಕಿಕೊಡಬೇಕು. ಕಾದ ಆದೇಶವನ್ನು ಯಾವ ಪ್ರೊಸೆಸರೂ ಎಸೆಯುವುದಿಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಬಣ್ಣ ಬಣ್ಣದ ಚಾಕ್‌ನಲ್ಲಿ ಬರೆದು ವಿವರಿಸಿದ್ದು ಅದೇ ತಿಂಗಳಲ್ಲಿ.

ಇನ್ನೂ ನಾಚಿಕೆಯ ಮಾತು ಒಂದಿದೆ, ಹೇಳಿಬಿಡುತ್ತೇನೆ. ಎಂ.ಟೆಕ್. ಎರಡನೇ ವರ್ಷದಲ್ಲಿ ನನ್ನ ಮಗಳು ಹುಟ್ಟಿದಳು. ಹಾಜರಿ ಕಡಿಮೆಯಾಯಿತು. ಕಚೇರಿಯಲ್ಲಿ ಕೇಳಿದರೆ, ಬಾಣಂತನಕ್ಕೆ ನಿಯಮದಲ್ಲಿ ಕಾಲಂ ಇಲ್ಲ ಎಂದರು. ನನ್ನ ಗೈಡ್ ಒಬ್ಬರು ಹಿರಿಯರು. ಅವರು ಯಾರಿಗೂ ಏನೂ ಹೇಳದೆ, ವಾರಕ್ಕೆ ಎರಡು ಸಂಜೆ ನನಗಾಗಿ ಲ್ಯಾಬ್ ತೆರೆದಿಟ್ಟು, ಆ ಗಂಟೆಗಳನ್ನು ಹಾಜರಿಗೆ ಸೇರಿಸಿದರು. ಮಗುವನ್ನು ಅಮ್ಮ ಹೊರಗೆ ಬೆಂಚಿನ ಮೇಲೆ ಎತ್ತಿಕೊಂಡು ಕೂರುತ್ತಿದ್ದರು. ವರದಿ ಎರಡು ದಿನ ತಡವಾಗಿ ಕೊಟ್ಟೆ, ತೆಗೆದುಕೊಂಡರು. ಅಂಕದಲ್ಲಿ ಮಾತ್ರ ಏನೂ ರಿಯಾಯಿತಿ ಇಲ್ಲ. ಮೂರು ಸಲ ತಿದ್ದಿಸಿದರು, ಅದೂ ಕೆಂಪು ಶಾಯಿಯಲ್ಲಿ. ಆ ಹುಡುಗಿಗೆ ಎರಡು ಪದದ ಉತ್ತರ ಬರೆಯುವಾಗ ನನಗೆ ಇದೊಂದೂ ನೆನಪಾಗಲಿಲ್ಲ. ಅಂದಹಾಗೆ, ಆ ಕಾಲಂ ಈಗ ಬಂದಿದೆ. 2021ರ ಡಿಸೆಂಬರಿನಲ್ಲಿ ಯು.ಜಿ.ಸಿ. ಎಲ್ಲ ವಿಶ್ವವಿದ್ಯಾಲಯಗಳಿಗೂ ಪತ್ರ ಬರೆದು, ಪದವಿ, ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೂ ಹೆರಿಗೆ ರಜೆ, ಹಾಜರಿ ವಿನಾಯಿತಿ, ಪರೀಕ್ಷಾ ಅರ್ಜಿಯ ಗಡುವು ವಿಸ್ತರಣೆ ಕೊಡಲು ನಿಯಮ ಮಾಡಿಕೊಳ್ಳಿ ಎಂದಿದೆ. ನಿಮ್ಮ ಮನೆಯ ಸೊಸೆ, ಮಗಳು ಓದುತ್ತಿದ್ದರೆ ಕಾಲೇಜಿನಲ್ಲಿ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಮುಂದಿನ ವರ್ಷ ಮತ್ತೆ ಕಲಿಸಲು ಕರೆದರು. ಈ ಸಲ ಆ ಎರಡು ಪುಟವನ್ನು ಮೊದಲಿನಿಂದ ನಾನೇ ಬರೆದೆ. ಬರೆಯುವ ಮೊದಲು ತರಗತಿಯಲ್ಲಿ ಒಂದು ಚೀಟಿ ಕೊಟ್ಟು, ನಿಮ್ಮ ಒಂದು ವಾರ ಹೇಗಿರುತ್ತದೆ ಎಂದು ಹೆಸರಿಲ್ಲದೆ ಬರೆದುಕೊಡಿ ಎಂದೆ. ಯಾಕೆಂದರೆ ಈಗಿನ ಲೆಕ್ಕದ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ. ಮೂರು ಕ್ರೆಡಿಟ್‌ಗೆ 90. ತರಗತಿಯಲ್ಲಿ 45 ಆಗುತ್ತದೆ, ಉಳಿದ 45 ಮನೆಯಲ್ಲಿ, ಅಂದರೆ ವಾರಕ್ಕೆ ಮೂರು ಗಂಟೆ. ಒಂದು ವಿಷಯಕ್ಕೆ ಮೂರು. ಅಂಥ ಐದಾರು ವಿಷಯಗಳಿರುತ್ತವೆ. ನಾವು ಕಾಗದದಲ್ಲಿ ಸುಲಭವಾಗಿ ಬರೆದುಬಿಡುತ್ತೇವೆ. ಆ ಗಂಟೆಗಳು ಮನೆಯಲ್ಲಿ ಇವೆಯೇ? ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಎಂದಿದೆ. ನನಗೆ ಬಂದ ಚೀಟಿಗಳಲ್ಲಿ ಕೈಬರಹ ನೋಡದೆಯೇ ಯಾವುದು ಹುಡುಗನದು, ಯಾವುದು ಹುಡುಗಿಯದು ಎಂದು ಹೇಳಬಹುದಿತ್ತು. ಎಲ್ಲ ಅಲ್ಲ, ಹೆಚ್ಚಿನವು. ಒಬ್ಬ ಹುಡುಗ ತಂದೆಯ ವಡಾಪಾವ್ ಗಾಡಿಯಲ್ಲಿ ರಾತ್ರಿ ಹತ್ತರವರೆಗೆ ನಿಲ್ಲುತ್ತೇನೆ ಎಂದು ಬರೆದಿದ್ದ.

ಹೊಸ ನಿಯಮ ಹೀಗೆ ಮಾಡಿದೆ. ಗಡುವು ರಾತ್ರಿ ಅಲ್ಲ, ಮಂಗಳವಾರ ಸಂಜೆ ಆರು ಗಂಟೆ, ಯಾಕೆಂದರೆ ಸೋಮವಾರ ಮಂಗಳವಾರ ಕಾಲೇಜಿನ ಲ್ಯಾಬ್ ತೆರೆದಿರುತ್ತದೆ, ಲ್ಯಾಪ್‌ಟಾಪ್ ಇಲ್ಲದವರು ಅಲ್ಲೇ ಮಾಡಬಹುದು. ಇಡೀ ಸೆಮಿಸ್ಟರಿಗೆ ಪ್ರತಿಯೊಬ್ಬರಿಗೂ ಐದು ದಿನ ಸಾಲ. ಯಾವ ಅಸೈನ್‌ಮೆಂಟಿಗೆ ಬೇಕಾದರೂ ಬಳಸಿಕೊಳ್ಳಿ, ಕಾರಣ ನಾನು ಕೇಳುವುದಿಲ್ಲ. ಈ 'ಕಾರಣ ಕೇಳುವುದಿಲ್ಲ' ಎಂಬುದಕ್ಕೆ ವಿಭಾಗದಲ್ಲಿ ಆಕ್ಷೇಪ ಬಂತು. ಹುಡುಗರು ದುರುಪಯೋಗ ಮಾಡುತ್ತಾರೆ ಎಂದರು. ಮಾಡಿದರು ಕೂಡ, ಕ್ರಿಕೆಟ್ ಮ್ಯಾಚಿನ ವಾರದಲ್ಲಿ ಅರ್ಧ ತರಗತಿ ಸಾಲ ತೆಗೆದುಕೊಂಡಿತು. ತೆಗೆದುಕೊಳ್ಳಲಿ, ಐದೇ ದಿನ ತಾನೆ. ಆದರೆ ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಲ್ಯಾಪ್‌ಟಾಪ್, ಅಪ್ಪನಿಗೆ ಏನು ಅಭ್ಯಾಸ ಎಂದು ಇಪ್ಪತ್ತು ವರ್ಷದ ಹುಡುಗಿ ಅಂಕಕ್ಕಾಗಿ ಮೇಷ್ಟ್ರ ಮುಂದೆ ನಿಂತು ಹೇಳುವುದು ಬೇಡ.

ಮಳೆಗೂ ಒಂದು ಸಾಲು ಬರೆದೆ. 2005ರ ಜುಲೈ 26ರಂದು ಈ ಸಾಂತಾಕ್ರೂಜ್ ವೀಕ್ಷಣಾಲಯದಲ್ಲೇ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಇಲ್ಲಿರುವ ಅನೇಕರು ಆ ದಿನ ಸೊಂಟದವರೆಗಿನ ನೀರಿನಲ್ಲಿ ನಡೆದವರು. ಈಗಲೂ ಜೋರು ಮಳೆ ಬಂದರೆ ಮಿಲನ್ ಸಬ್‌ವೇ ಮೊದಲು ತುಂಬುತ್ತದೆ. ಹಾಗಾಗಿ: ಲೋಕಲ್ ನಿಂತ ದಿನ ತರಗತಿ ಇಲ್ಲ, ಹಾಜರಿ ಯಾರಿಗೂ ಹೋಗುವುದಿಲ್ಲ, ನನ್ನನ್ನು ಕೇಳುವ ಅಗತ್ಯವಿಲ್ಲ. ಥ್ಯಾಂಕ್ಸ್‌ಗಿವಿಂಗ್ ಜಾಗದಲ್ಲಿ ಗಣೇಶ ಚತುರ್ಥಿ ಬಂತು.

ನಕಲಿನ ವಿಷಯದಲ್ಲಿ ಮಾತ್ರ ಮೊದಲಿಗಿಂತ ಬಿಗಿ ಮಾಡಿದೆ. ಒಟ್ಟಿಗೆ ಕುಳಿತು ಚರ್ಚೆ ಮಾಡಿ, ಬೋರ್ಡಿನ ಮೇಲೆ ಬರೆದು ಜಗಳವಾಡಿ, ಚಾಟ್‌ಜಿಪಿಟಿಯನ್ನು ಬೇಕಾದರೂ ಕೇಳಿ. ಅದನ್ನು ನಿಷೇಧಿಸಿದರೆ ನಿಲ್ಲುತ್ತದೆ ಎಂಬ ಭ್ರಮೆ ನನಗಿಲ್ಲ. ಏನು ಕೇಳಿದಿರಿ ಎಂದು ಕೊನೆಯಲ್ಲಿ ಬರೆಯಿರಿ, ಅಷ್ಟೇ. ಆದರೆ ಪ್ರತಿಯೊಬ್ಬರೂ ನನ್ನೆದುರು ಐದು ನಿಮಿಷ ಕುಳಿತು, ನಾನು ಬೆರಳಿಟ್ಟ ಸಾಲು ಯಾಕಿದೆ ಎಂದು ಹೇಳಬೇಕು. ಹೇಳಲು ಬರದಿದ್ದರೆ ಆ ಕೆಲಸಕ್ಕೆ ಅಂಕವಿಲ್ಲ. ಯಾವ ಭಾಷೆಯಲ್ಲಾದರೂ ಹೇಳಿ: ಮರಾಠಿ, ಹಿಂದಿ, ಕನ್ನಡ, ತುಳು ಆದರೂ ಆದೀತು. ಇದೇನೂ ನನ್ನ ಹೊಸ ಉಪಾಯವಲ್ಲ. ಪಕ್ಕದ ಜುಹೂ ರಸ್ತೆಯಲ್ಲಿ ಎಸ್.ಎನ್.ಡಿ.ಟಿ. ಕ್ಯಾಂಪಸ್ ಇದೆಯಲ್ಲ, ಅದರ ಮೂಲವಾದ ಮಹಿಳಾ ವಿಶ್ವವಿದ್ಯಾಲಯವನ್ನು ಧೋಂಡೋ ಕೇಶವ ಕರ್ವೆಯವರು 1916ರಲ್ಲಿ ಶುರುಮಾಡಿದಾಗಲೇ ಮಾತೃಭಾಷೆಯಲ್ಲಿ ಪಾಠ ಇಟ್ಟಿದ್ದರು. ಇವತ್ತು ಅದೇ ಕ್ಯಾಂಪಸ್ಸಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಉಷಾ ಮಿತ್ತಲ್ ಹೆಸರಿನ ಇಂಜಿನಿಯರಿಂಗ್ ಕಾಲೇಜು ಇದೆ, 1997ರಿಂದ. 2021ರಲ್ಲಿ ಎ.ಐ.ಸಿ.ಟಿ.ಇ. ಕೂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು.

60 ಜನಕ್ಕೆ ಐದೈದು ನಿಮಿಷ ಎಂದರೆ ಐದು ಗಂಟೆ, ಒಂದು ಅಸೈನ್‌ಮೆಂಟಿಗೆ. ನಾಲ್ಕು ಅಸೈನ್‌ಮೆಂಟ್. ಆ ಇಪ್ಪತ್ತು ಗಂಟೆ ನನ್ನ ಮನೆಯಿಂದ ಹೋಯಿತು. ಶನಿವಾರದ ಅಡಿಗೆ ಯಜಮಾನರ ಪಾಲಿಗೆ ಬಂತು. ಅವರಿಗೂ ಒಂದು ಪಾಲಿಸಿ ಮಾಡಿಕೊಟ್ಟಿದ್ದೇನೆ, ತಡವಾದರೂ ಪರವಾಗಿಲ್ಲ, ಹೋಟೆಲಿನಿಂದ ತರಿಸುವುದು ಮಾತ್ರ ನಕಲು. (ಅವರು ಇಲ್ಲೇ ಹಿಂದೆ ನಿಂತಿದ್ದಾರೆ, ನಗಬೇಡಿ.)

ಇದನ್ನು ನಮ್ಮ ಮಾವನವರಿಗೆ ಹೇಳಿದಾಗ ಅವರು, "ಇದರಲ್ಲಿ ಹೊಸತೇನಿದೆ, ನಮ್ಮ ರಾತ್ರಿ ಶಾಲೆ ಹಾಗೇ ಇತ್ತಲ್ಲ" ಅಂದರು. ಅವರು ಹನ್ನೆರಡನೇ ವಯಸ್ಸಿಗೆ ಊರಿನಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ನಿಮ್ಮಲ್ಲೂ ಎಷ್ಟೋ ಜನರ ತಂದೆ, ಮಾವಂದಿರು ಹಾಗೆ ಓದಿದವರೇ. ಸಂಜೆಯ ಗಿರಾಕಿ ಇಳಿದ ಮೇಲೆ ತರಗತಿ. ತಡವಾಗಿ ಬಂದರೆ ಮೇಷ್ಟ್ರು ಬಾಗಿಲು ಹಾಕುತ್ತಿರಲಿಲ್ಲವಂತೆ, ಹಿಂದೆ ಕುಳಿತುಕೋ ಎನ್ನುತ್ತಿದ್ದರಂತೆ. ನಿದ್ದೆ ತೂಗಿದರೆ ಮುಖ ತೊಳೆದು ಬರಲು ಕಳಿಸುತ್ತಿದ್ದರು. ಆದರೆ ಮೆಟ್ರಿಕ್ ಪರೀಕ್ಷೆ ಹಗಲು ಶಾಲೆಯವರಿಗೂ ಇವರಿಗೂ ಒಂದೇ. ಪ್ರಶ್ನೆಪತ್ರಿಕೆಯಲ್ಲಿ ಹೋಟೆಲ್ ಹುಡುಗರಿಗೆ ಅಂತ ಸುಲಭದ ಪ್ರಶ್ನೆ ಇರಲಿಲ್ಲ. ನಾನು ಗೂಗಲ್ ಮಾಡುವ ಬದಲು ಮನೆಯ ಚಾವಡಿಯಲ್ಲೇ ಕೇಳಿದ್ದರೆ ಆಗುತ್ತಿತ್ತು.

ಎರಡನೇ ವರ್ಷ ಎಲ್ಲ ಸುಗಮವಾಯಿತು ಎಂದು ಹೇಳಲಾರೆ. ಐದು ಸಾಲದ ದಿನಗಳನ್ನು ಮೊದಲ ಅಸೈನ್‌ಮೆಂಟಿಗೇ ಮುಗಿಸಿ, ಆಮೇಲೆ ಆರನೆಯದು ಕೊಡಿ ಎಂದು ಬಂದವರಿದ್ದರು. ಕೊಡಲಿಲ್ಲ. ಐದು ನಿಮಿಷದ ಮಾತುಕತೆಯಲ್ಲಿ ಹನ್ನೊಂದು ಜನ ತಾವು ಬರೆದದ್ದನ್ನು ತಾವೇ ವಿವರಿಸಲಾಗದೆ ಸೊನ್ನೆ ಪಡೆದರು, ಅದರಲ್ಲಿ ಒಬ್ಬನ ತಂದೆ ಕಾಲೇಜಿಗೆ ಬಂದು ಜಗಳ ತೆಗೆದರು. ಈ ಸೊನ್ನೆಗಳ ಬಗ್ಗೆ ನನಗೆ ರಾತ್ರಿ ನಿದ್ದೆ ಕೆಡಲಿಲ್ಲ.

ಕೆಡಿಸಿದ್ದು ಹಳೆಯ ಆ ಒಂದು ಸೊನ್ನೆ. ಅಂಕಪಟ್ಟಿ ಹೋಗಿಯಾಗಿತ್ತು, ತಿದ್ದಲು ದಾರಿ ಇರಲಿಲ್ಲ. ನಾನು ಅವಳಿಗೆ ಒಂದು ಮೇಲ್ ಬರೆದೆ. ತಪ್ಪು ನನ್ನದು, ನಿನ್ನ ಫೈಲನ್ನು ನಾನು ತೆರೆಯಲೇ ಇಲ್ಲ, ಕ್ಷಮಿಸು ಎಂದು. ಮೂರು ವಾರ ಉತ್ತರ ಬರಲಿಲ್ಲ. ಬಂದಾಗ ಒಂದೇ ಸಾಲು: "ಮೇಡಂ, ನನ್ನ ಪ್ರೋಗ್ರಾಂ ಸರಿಯಿತ್ತಾ?"

ಒಂದು ವರ್ಷದಿಂದ ಅವಳಿಗೆ ಅದು ಗೊತ್ತಿಲ್ಲ. ಅಂಕದ ಬಗ್ಗೆ ಒಂದು ಮಾತು ಕೇಳಲಿಲ್ಲ, ಅದನ್ನೇ ಕೇಳಿದಳು.

ಆ ರಾತ್ರಿ ಮಗಳನ್ನು ಮಲಗಿಸಿ, ಕೂತು, ಅವಳ ಫೈಲನ್ನು ಮೊದಲ ಸಲ ತೆರೆದೆ. ಅಚ್ಚುಕಟ್ಟಾಗಿತ್ತು. ಸಾಲು ಸಾಲಾಗಿ ಓದಿ ಎರಡು ಪುಟ ಟಿಪ್ಪಣಿ ಬರೆದೆ, ಗೈಡ್ ನನಗೆ ಬರೆದಂತೆ ಕೆಂಪು ಅಕ್ಷರದಲ್ಲಿ. ಇಲ್ಲಿ ಚೆನ್ನಾಗಿದೆ, ಇಲ್ಲಿ ಹೆಸರು ಸ್ಪಷ್ಟವಾಗಿಲ್ಲ, ಇನ್ನು ಇಲ್ಲಿ, 43ನೇ ಸಾಲಿನ ನಂತರ ಒಂದು ದೊಡ್ಡ ಭಾಗವೇ ಬಿಟ್ಟುಹೋಗಿದೆ: ಡಬ್ಬಿ ತುಂಬಿದಾಗ ಹಳೆಯದರಲ್ಲಿ ಯಾವುದನ್ನು ಹೊರಗೆ ಹಾಕಬೇಕು ಎಂದು ನೀನು ಆರಿಸಿಯೇ ಇಲ್ಲವಲ್ಲ ಎಂದು ಬರೆದು ಕಳಿಸಿದೆ.

ಮರುದಿನ ಬೆಳಿಗ್ಗೆ ಲೋಕಲ್‌ನಲ್ಲಿ, ಅಂಧೇರಿ ದಾಟುವಾಗ, ಉತ್ತರ ಬಂತು. "ಮೇಡಂ, ನಮಗೆ ಕೊಟ್ಟದ್ದು ಡೈರೆಕ್ಟ್ ಮ್ಯಾಪ್. ಅದರಲ್ಲಿ ಒಂದೊಂದಕ್ಕೂ ಒಂದೇ ಜಾಗ, ಆರಿಸುವ ಪ್ರಶ್ನೆಯೇ ಬರುವುದಿಲ್ಲ. ನೀವು ಈ ವರ್ಷದ ಪ್ರಶ್ನೆ ನೋಡಿ ತಿದ್ದಿದ್ದೀರಿ ಅನಿಸುತ್ತದೆ. ಇನ್ನೊಮ್ಮೆ ನೋಡುತ್ತೀರಾ?"

ನೋಡಿದೆ. ಅರಸಿನದ ಬಟ್ಟಲಿಗೆ ಅರಸಿನವೇ ಬೀಳುವ ಡಬ್ಬಿ ಅದು. ನಾನು ಪ್ರಶ್ನೆಯನ್ನು ಎರಡನೇ ವರ್ಷ ಬದಲಿಸಿದ್ದೆ, ಅವಳ ವರ್ಷದ್ದು ಮರೆತೇ ಹೋಗಿತ್ತು. ಅವಳು ಹೇಳಿದ್ದೇ ಸರಿ.

ಇಲ್ಲಿಗೆ ನಿಲ್ಲಿಸುತ್ತೇನೆ, ಮುಂದೆ ಮಕ್ಕಳ ನೃತ್ಯ ಇದೆ. ಕೋರ್ಸ್ ಪಾಲಿಸಿಯ ಕಾಗದ ಮನೆಯಲ್ಲಿ ಸಿಕ್ಕಿದರೆ ಚಹಾದ ಹೊತ್ತಿಗೆ ನನಗೆ ತೋರಿಸಿ, ಒಟ್ಟಿಗೆ ಓದೋಣ.